ಅಪ್‌ಡೇಟ್: ಕೊನೆಗೂ ಟರ್ನ್‌ಟೇಬಲ್ ಮನೆಗೆ ಬಂತು

ಹತ್ತು ಸಾವಿರದೊಳಗೆ ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ (ಹಾಡಿನ ಪ್ಲೇಟ್ ಹಾಕುವ ರೆಕಾರ್ಡ್ ಪ್ಲೇಯರ್) ಯಾವುದು ತಗೊಳ್ಳಲಿ ಅಂತ ಕೇಳಿದ್ದೆ, ನೆನಪಿದೆಯಲ್ವಾ? ಟೆಕ್ನಿಕ್ಸ್‌ನ ಹಳೇ ಬೆಲ್ಟ್ ಡ್ರೈವ್ (ಮೋಟಾರು ಬೆಲ್ಟ್ ಮೂಲಕ ಪ್ಲೇಟ್ ತಿರುಗಿಸುವಂಥದ್ದು) ಒಂದು 8,000ಕ್ಕೆ ಸಿಕ್ಕಿತು.

ನೀವು ಹೇಳಿದಂತೆ ಮೊದಲು ಸೆಟ್ಟಿನ ಹಿಂಬದಿಯಲ್ಲಿ ಬರೆದಿರುವ ವೋಲ್ಟೇಜ್ ನೋಡಿದೆ. ಅದಕ್ಕೂ ಮುಂಚೆ ಇಷ್ಟವಾಗಿದ್ದ ಸೆಟ್ ಜಪಾನಿನ 100 ವೋಲ್ಟಿನದು. ನಮ್ಮ 230ಕ್ಕೆ ನೇರ ಹಾಕಿದ್ದರೆ ಸುಟ್ಟೇ ಹೋಗುತ್ತಿತ್ತು!

ಟೋನ್‌ಆರ್ಮ್ (ಸೂಜಿ ಹಿಡಿದಿರುವ ಕೈ) ಮೆಲ್ಲಗೆ ಆಡಿಸಿದೆ, ಎಲ್ಲೂ ಹಿಡಿಯಲಿಲ್ಲ. ಬೆಲ್ಟ್ ಮಾತ್ರ ವಯಸ್ಸಾಗಿ ಸಡಿಲವಾಗಿತ್ತು. ಹಾಡು ಎಳೆದೆಳೆದು ಬರುತ್ತಿತ್ತು. ಹೊಸ ಬೆಲ್ಟ್, ಹೊಸ ಸೂಜಿಗೆ ಇನ್ನೂ 1,900 ಆಯ್ತು. ಸೂಜಿಗೆ ಜಿಪುಣತನ ಮಾಡಬೇಡಿ, ಸವೆದದ್ದು ಪ್ಲೇಟನ್ನೇ ಹಾಳು ಮಾಡುತ್ತದೆ.

ತಾತನ 78ರ (ನಿಮಿಷಕ್ಕೆ 78 ಸುತ್ತಿನ) ಹಳೇ ಪ್ಲೇಟುಗಳನ್ನು ಇದರಲ್ಲಿ ಹಾಕುವ ಹಾಗಿಲ್ಲ, ಅವುಗಳ ಮೇಲೆ ಸೂಜಿ ಓಡುವ ಗೆರೆ ಅಗಲ, ಸೂಜಿಯೇ ಬೇರೆ ಬೇಕು. ಆದರೆ ಅಪ್ಪನ ಎಲ್‌ಪಿಗಳು ಹಾಡುತ್ತಿವೆ. ನಿನ್ನೆ ಅಪ್ಪ ಎರಡೂ ಬದಿ ಮುಗಿಯುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.