ಐಇಎಲ್‌ಟಿಎಸ್ ರೈಟಿಂಗ್ 6ಕ್ಕೇ ನಿಂತಿದೆ, 6.5 ಬೇಕು. ಅಭ್ಯಾಸ ಹೇಗೆ ಮಾಡಲಿ?

ಕರಾವಳಿ_ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಸ್ಟಾಫ್ ನರ್ಸ್. ಯುಕೆಗೆ ಹೋಗಬೇಕು ಅಂತ ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದೆ. ಲಿಸನಿಂಗ್ 7.5, ರೀಡಿಂಗ್ 7, ಸ್ಪೀಕಿಂಗ್ 7 ಬಂತು, ಒಟ್ಟು 7 ಕೂಡ ಆಯ್ತು. ಆದರೆ ರೈಟಿಂಗ್ 6. ಅಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಎನ್‌ಎಂಸಿಯವರು ರೈಟಿಂಗ್‌ಗೆ 6.5 ಕೇಳುತ್ತಾರೆ, ಆ ಅರ್ಧ ಬ್ಯಾಂಡಿಗೆ ಎಲ್ಲಾ ನಿಂತುಬಿಟ್ಟಿದೆ.

ಕೋಚಿಂಗ್‌ನಲ್ಲಿ ಒಂದು ಟೆಂಪ್ಲೇಟ್ ಕೊಟ್ಟು ಬಾಯಿಪಾಠ ಮಾಡಿಸಿದ್ದಾರೆ, ಯಾವ ವಿಷಯ ಬಂದರೂ ಅದರೊಳಗೆ ತುಂಬಿಸಿ ಅಂತಾರೆ. ನೈಟ್ ಡ್ಯೂಟಿ ಮುಗಿಸಿ ಬಂದು ದಿನಾ ಒಂದು ಎಸ್ಸೆ ಬರೆಯುತ್ತಿದ್ದೇನೆ. ಬರೆದದ್ದನ್ನು ನೋಡಿ ಹೇಳುವವರು ಯಾರೂ ಇಲ್ಲ. ಇನ್ನೂ ಜಾಸ್ತಿ ಬರೆಯಬೇಕಾ, ಇಲ್ಲಾ ಬರೆಯುವ ರೀತಿಯನ್ನೇ ಬದಲಿಸಬೇಕಾ?

ಧಾರವಾಡ_ಮೇಷ್ಟ್ರು:

ಸಿಸ್ಟರ್, ಜಾಸ್ತಿ ಬರೆಯುವುದು ಬೇಡ. ಬರೆದದ್ದನ್ನೇ ಮತ್ತೆ ಬರೆಯಿರಿ. ದಿನಾ ಹೊಸ ಎಸ್ಸೆ ಬರೆದು ಬದಿಗಿಟ್ಟರೆ ದಿನಾ ಅದೇ ತಪ್ಪುಗಳು ಕೈಗೆ ರೂಢಿ ಆಗುತ್ತವೆ ಅಷ್ಟೇ. ವಾರಕ್ಕೆ ಎರಡು ಎಸ್ಸೆ ಸಾಕು, ಆದರೆ ಒಂದೊಂದನ್ನೂ ಎರಡು ಮೂರು ಸಲ ತಿದ್ದಿ ಬರೆಯಬೇಕು.

ಅಂಕ ಹೇಗೆ ಕೊಡುತ್ತಾರೆ ಅಂತ ಗೊತ್ತಿರಲಿ. ನಾಲ್ಕು ವಿಷಯ ನೋಡುತ್ತಾರೆ: ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿದ್ದೀರಾ, ಬರಹ ಒಂದಕ್ಕೊಂದು ಹೊಂದಿಕೊಂಡು ಸಾಗುತ್ತದಾ, ಪದಗಳು, ವ್ಯಾಕರಣ. ನಾಲ್ಕಕ್ಕೂ ಸಮ ಪಾಲು. ಬಹಳ ಜನ ಪದ ಮತ್ತು ವ್ಯಾಕರಣದ ಹಿಂದೆಯೇ ಓಡುತ್ತಾರೆ, ಅದು ಅರ್ಧ ಮಾತ್ರ ಅಲ್ವಾ. ಟೆಂಪ್ಲೇಟ್ ಹೊಡೆತ ಕೊಡುವುದು ಮೊದಲ ಎರಡಕ್ಕೆ. ಬಾಯಿಪಾಠದ ಸಾಲುಗಳನ್ನು ಪರೀಕ್ಷಕರು ಬೇಗ ಗುರುತಿಸುತ್ತಾರೆ, ಆಮೇಲೆ ನಿಮ್ಮ ಸ್ವಂತ ವಾಕ್ಯ ಬಂದಾಗ ಎರಡರ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ.

ಒಂದು ಉದಾಹರಣೆ ತಗೊಳ್ಳಿ. ಕಾಯಿಲೆಗೆ ಚಿಕಿತ್ಸೆ ಕೊಡುವುದಕ್ಕಿಂತ ಕಾಯಿಲೆ ಬರದಂತೆ ತಡೆಯಲು ಸರ್ಕಾರ ಜಾಸ್ತಿ ಖರ್ಚು ಮಾಡಬೇಕು, ಒಪ್ಪುತ್ತೀರಾ ಅಂತ ಕೇಳಿದ್ದಾರೆ ಅಂದ್ಕೊಳ್ಳಿ. ಟೆಂಪ್ಲೇಟ್ ಹುಡುಗರು ಬರೆಯುವುದು: ತಡೆಗಟ್ಟುವುದು ಒಳ್ಳೆಯದು, ಹಣ ಉಳಿಯುತ್ತದೆ, ಜನ ಆರೋಗ್ಯವಾಗಿರುತ್ತಾರೆ, ದೇಶ ಮುಂದುವರಿಯುತ್ತದೆ. ನಾಲ್ಕು ಮಾತು, ಒಂದನ್ನೂ ವಿವರಿಸಿಲ್ಲ. ನೀವು ಒಂದೇ ಮಾತು ಹಿಡಿಯಿರಿ. ಸಕ್ಕರೆ ಕಾಯಿಲೆಯನ್ನು ಬೇಗ ಪತ್ತೆ ಮಾಡಿದರೆ ಮಾತ್ರೆ, ಊಟದ ಪಥ್ಯದಲ್ಲೇ ಹಿಡಿತಕ್ಕೆ ತರಬಹುದು. ಗೊತ್ತಾಗದೆ ವರ್ಷಗಟ್ಟಲೆ ಬಿಟ್ಟರೆ ಕಾಲಿನ ಹುಣ್ಣು, ಡಯಾಲಿಸಿಸ್ ತನಕ ಹೋಗಬಹುದು, ಆಗ ಆಸ್ಪತ್ರೆಯ ಹಾಸಿಗೆ, ಸಿಬ್ಬಂದಿ, ಹಣ ಎಲ್ಲಾ ಎಷ್ಟೋ ಪಟ್ಟು ಬೇಕಾಗುತ್ತದೆ. ಇದು ನೀವು ವಾರ್ಡಿನಲ್ಲಿ ಕಣ್ಣಾರೆ ನೋಡುವ ವಿಷಯ, ನಿಮ್ಮಷ್ಟು ಚೆನ್ನಾಗಿ ಬೇರೆಯವರು ಬರೆಯಲಾರರು. ಒಂದು ಪ್ಯಾರಾಕ್ಕೆ ಒಂದು ಮಾತು, ಅದಕ್ಕೆ ಕಾರಣ, ಅದರ ಪರಿಣಾಮ, ಒಂದು ನಿದರ್ಶನ. 6ರಿಂದ ಮೇಲೇಳುವುದು ಇಲ್ಲೇ.

ಪೆನ್ ಎತ್ತುವ ಮೊದಲು ಐದು ನಿಮಿಷ ಯೋಚಿಸಿ. ಬೇಕಾದರೆ ಕನ್ನಡದಲ್ಲೇ ಟಿಪ್ಪಣಿ ಮಾಡಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಲೀಡ್ಸ್_ಕನ್ನಡತಿ:

ನಾನೂ ಉಡುಪಿ ಕಡೆಯವಳೇ ತಂಗಿ, ಇಲ್ಲಿ ಬಂದು ಕೆಲಸ ಮಾಡ್ತಿದ್ದೇನೆ. ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಟೈಮ್ ಬಗ್ಗೆ ನಾನು ಸೇರಿಸ್ತೇನೆ. ಒಟ್ಟು 60 ನಿಮಿಷ, ಟಾಸ್ಕ್ 1ಕ್ಕೆ, ಅಂದ್ರೆ ಗ್ರಾಫ್ ಥರದ್ದನ್ನು ನೋಡಿ ವಿವರಿಸುವುದಕ್ಕೆ, ಕನಿಷ್ಠ 150 ಪದ, ಟಾಸ್ಕ್ 2ಕ್ಕೆ, ಅಂದ್ರೆ ಎಸ್ಸೆಗೆ, 250, ಅಂಕದಲ್ಲಿ ಟಾಸ್ಕ್ 2ರ ತೂಕ ಎರಡು ಪಟ್ಟು. ಗ್ರಾಫ್ ನೋಡಿ ಎಲ್ಲಾ ಅಂಕಿ ಬರೆಯುತ್ತಾ ಕೂತು ಅರ್ಧ ಗಂಟೆ ಕಳೆದರೆ ಎಸ್ಸೆಯ ಕೊನೆ ಪ್ಯಾರಾ ಹಾಳಾಗುತ್ತದೆ, 20 ನಿಮಿಷಕ್ಕೆ ಕೈ ಬಿಡಿ. ಗ್ರಾಫಿನಲ್ಲಿ ಒಟ್ಟಾರೆ ಏನಾಗಿದೆ, ಏನು ಏರಿದೆ, ಏನು ಇಳಿದಿದೆ ಅಂತ ಎರಡು ವಾಕ್ಯದ ಓವರ್‌ವ್ಯೂ ಇರಲೇಬೇಕು. ಅದಿಲ್ಲದೆ ಬರೀ ಅಂಕಿ ಸುರಿದರೆ 5ರ ಹತ್ತಿರ ಬೀಳುತ್ತದೆ.

ಇನ್ನೊಂದು, ನರ್ಸ್, ಡಾಕ್ಟರ್‌ಗಳಂಥವರಿಗೆ ಅಂತಲೇ ಇರುವ ಇಂಗ್ಲಿಷ್ ಪರೀಕ್ಷೆ ಓಇಟಿ ಬಗ್ಗೆ ಯೋಚಿಸಿದ್ದೀರಾ? ಎನ್‌ಎಂಸಿ ಅದನ್ನೂ ಒಪ್ಪುತ್ತದೆ. ಅದರ ರೈಟಿಂಗ್‌ನಲ್ಲಿ ಎಸ್ಸೆ ಇಲ್ಲ. ರೋಗಿಯ ಕೇಸ್ ನೋಟ್ಸ್ ಕೊಟ್ಟು ರೆಫರಲ್ ಅಥವಾ ಡಿಸ್ಚಾರ್ಜ್ ಲೆಟರ್ ಬರೆಸುತ್ತಾರೆ, ಓದಲು 5 ನಿಮಿಷ, ಬರೆಯಲು 40, ಸುಮಾರು 180ರಿಂದ 200 ಪದ. ಪತ್ರ ಓದುವವರಿಗೆ ಬೇಡದ ವಿವರ ಬಿಡುವುದೇ ಅಲ್ಲಿನ ಕಷ್ಟ. ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ರೋಗಿಯ ಹ್ಯಾಂಡೋವರ್ ಕೊಟ್ಟು ಅಭ್ಯಾಸ ಇರುವ ನಮಗೆ ಅದು ಒಗ್ಗುತ್ತದೆ. ಫೀ ಮಾತ್ರ ಜಾಸ್ತಿ, ಮನೆಯಲ್ಲಿ ಲೆಕ್ಕ ಹಾಕಿ. ಮತ್ತೆ, 12 ತಿಂಗಳೊಳಗೆ ಎರಡು ಸಲ ಬರೆದ ಪರೀಕ್ಷೆಯ ಅಂಕ ಸೇರಿಸಿ ನೋಡಲು ಎನ್‌ಎಂಸಿ ಅವಕಾಶ ಕೊಡುತ್ತದೆ. ಕನಿಷ್ಠ ಅಂಕದ ಷರತ್ತು ಇದೆ, ಅವರ ವೆಬ್‌ಸೈಟಿನಲ್ಲೇ ಓದಿಕೊಳ್ಳಿ, ಏಜೆಂಟ್ ಮಾತು ನಂಬಿ ಕೂರಬೇಡಿ.

ಕರಾವಳಿ_ಸಿಸ್ಟರ್:

ತುಂಬಾ ಥ್ಯಾಂಕ್ಸ್ ಅಕ್ಕ, ಮೇಷ್ಟ್ರಿಗೂ. ಓಇಟಿ ಈಗ ಕೈಗೆಟುಕುವುದಿಲ್ಲ, ಇನ್ನೊಂದು ಸಲ ಐಇಎಲ್‌ಟಿಎಸ್ಸೇ ಬರೆಯುತ್ತೇನೆ. ಆದರೆ ತಪ್ಪು ತೋರಿಸುವವರು ಇಲ್ಲದೆ ನನ್ನ ಬರಹವನ್ನು ನಾನೇ ತಿದ್ದುವುದು ಹೇಗೆ ಸರ್?

ಧಾರವಾಡ_ಮೇಷ್ಟ್ರು:

ಬರೆದ ದಿನವೇ ತಿದ್ದಬೇಡಿ, ಎರಡು ದಿನ ಬಿಟ್ಟು ನೋಡಿ. ಒಂದು ಓದಿಗೆ ಒಂದೇ ಬಗೆಯ ತಪ್ಪು ಹುಡುಕಿ. ನಮ್ಮವರು ಜಾಸ್ತಿ ಎಡವುವುದು ‘ಎ’, ‘ದಿ’ ಬಿಡುವುದರಲ್ಲಿ, ಏಕವಚನ ಬಹುವಚನದಲ್ಲಿ, ‘ಡಿಸ್ಕಸ್ ಅಬೌಟ್’ ಥರ ಬೇಡದ ‘ಅಬೌಟ್’ ಸೇರಿಸುವುದರಲ್ಲಿ. ಮೊದಲ ಓದಿನಲ್ಲಿ ಪ್ರತಿ ನಾಮಪದದ ಮೇಲೆ ಬೆರಳಿಟ್ಟು ಇದಕ್ಕೆ ‘ದಿ’ ಬೇಕಾ ಅಂತ ಕೇಳಿಕೊಳ್ಳಿ, ಎರಡನೇ ಓದಿನಲ್ಲಿ ಕ್ರಿಯಾಪದ ಮಾತ್ರ. ಮೂರನೆಯದನ್ನು ಜೋರಾಗಿ ಓದಿ, ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ. ಬ್ಯಾಂಡ್ ಡಿಸ್ಕ್ರಿಪ್ಟರ್‌ಗಳು, ಅಂದರೆ ಯಾವ ಅಂಕಕ್ಕೆ ಬರಹ ಹೇಗಿರಬೇಕು ಅಂತ ಹೇಳುವ ಪಟ್ಟಿಗಳು, ಐಇಎಲ್‌ಟಿಎಸ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. 6 ಮತ್ತು 7ರ ಸಾಲುಗಳನ್ನು ಪಕ್ಕಪಕ್ಕ ಇಟ್ಟು ಓದಿ, ನಿಮ್ಮ ಎಸ್ಸೆ ಎಲ್ಲಿ ನಿಲ್ಲುತ್ತದೆ ಅಂತ ನಿಮಗೇ ಹೊಳೆಯುತ್ತದೆ.

ಈಗ ಆ ಸಕ್ಕರೆ ಕಾಯಿಲೆಯ ಪ್ಯಾರಾ ಒಂದನ್ನೇ ಬರೆದು ಇಲ್ಲಿ ಹಾಕಿ, ನಾಳೆ ಸಂಜೆ ಸಾಲು ಸಾಲಾಗಿ ನೋಡಿ ಹೇಳುತ್ತೇನೆ. ಟೈಪ್ ಮಾಡುವಾಗ ಸ್ಪೆಲ್ ಚೆಕ್ ಆಫ್ ಮಾಡಿ, ಪರೀಕ್ಷೆಯ ಕಂಪ್ಯೂಟರಿನಲ್ಲೂ ಅದು ಇರುವುದಿಲ್ಲ.