ವಿಶ್ವದಾಖಲೆಗೆ ಪ್ರಯತ್ನಿಸಿದವರು ಅನುಭವ ತಿಳಿಸಬೇಕಾಗಿ ವಿನಂತಿ

ಓದುಗ: ಅತಿ ದೀರ್ಘ ಕಾಲ ಗಟ್ಟಿಯಾಗಿ ಓದುವ ಗಿನ್ನೆಸ್ ದಾಖಲೆಗೆ ನಾನು ಸಲ್ಲಿಸಿದ ಅರ್ಜಿ ಸ್ವೀಕೃತವಾಗಿ, ನಿಯಮಾವಳಿ ಕೈಸೇರಿದೆ. ಗಂಟಲನ್ನೂ ನಿದ್ರೆಯನ್ನೂ ಹೇಗೆ ನಿಭಾಯಿಸಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಿ.

ಡ್ರಮ್ಸ್ ವಾದಕ: ಗಂಟಲು ಹೇಗೋ ಸುಧಾರಿಸಿಕೊಳ್ಳುತ್ತದೆ, ಮೊದಲು ಸಾಕ್ಷಿಗಳ ಪಾಳಿಪಟ್ಟಿಯನ್ನು ಗಟ್ಟಿ ಮಾಡಿಕೊಳ್ಳಿ. ಮೂರು ವರ್ಷಗಳ ಹಿಂದೆ ನಾನು ಡ್ರಮ್ಸ್ ಮ್ಯಾರಥಾನ್‌ಗೆ ಕುಳಿತಿದ್ದೆ. ಪ್ರತಿ ಪೂರ್ಣ ಗಂಟೆಗೆ ದೊರೆಯುವ ೫ ನಿಮಿಷಗಳ ವಿಶ್ರಾಂತಿಯನ್ನು ಕೂಡಿಟ್ಟು, ಮೊದಲ ರಾತ್ರಿ ೪೦ ನಿಮಿಷ, ಎರಡನೆಯ ರಾತ್ರಿ ೫೫ ನಿಮಿಷ ಮಲಗುವ ಲೆಕ್ಕ ತಪ್ಪಲಿಲ್ಲ. ಆದರೆ ೩೮ನೆಯ ಗಂಟೆಯಲ್ಲಿ ಇಬ್ಬರು ಸಾಕ್ಷಿಗಳ ಪೈಕಿ ಒಬ್ಬರು, ಮುಂದಿನ ಪಾಳಿಯವರು ಬರುವ ಮೊದಲೇ ಎದ್ದು ಹೋದರು. ಇಬ್ಬರ ಸಹಿಯೂ ಇರಬೇಕಾದ ಲಾಗ್ ಪುಸ್ತಕದಲ್ಲಿ ೧೭ ನಿಮಿಷಗಳಿಗೆ ಒಂದೇ ಸಹಿ ಉಳಿಯಿತು. ಅದೇ ಹೊತ್ತಿಗೆ ಬ್ಯಾಟರಿ ಬದಲಿಸಲು ಮೊದಲ ಕ್ಯಾಮೆರಾವನ್ನು ನಿಲ್ಲಿಸಿದ್ದರು. ಎರಡನೆಯದರ ಚೌಕಟ್ಟಿನಲ್ಲಿ ನನ್ನ ಕೈಗಳಿದ್ದವು, ಗಡಿಯಾರವಿರಲಿಲ್ಲ. ಸಭಾಂಗಣದ ಬಾಡಿಗೆ, ಕ್ಯಾಮೆರಾಗಳು, ವೈದ್ಯಕೀಯ ಸಿಬ್ಬಂದಿ, ಸಾಕ್ಷಿಗಳ ಪ್ರಯಾಣ ಎಂದು ಐದು ತಿಂಗಳ ಸಂಬಳ ಕರಗಿತ್ತು. ಬೆರಳಿಗೆ ಸುತ್ತಿದ ಟೇಪಿನ ಜೊತೆ ಚರ್ಮ ಕಿತ್ತು ಬಂದಾಗ ತಡೆದುಕೊಂಡಿದ್ದ ನಾನು, ಆ ಪುಟ ನೋಡಿ ಅತ್ತುಬಿಟ್ಟೆ.

ಹಗ್ಗ ಜಿಗಿತದವಳು: ಒಂದು ನಿಮಿಷದ ಹಗ್ಗ ಜಿಗಿತದ ಪ್ರಮಾಣಪತ್ರ ಪಡೆದವಳಾಗಿ ನೇರವಾಗಿ ಹೇಳುತ್ತೇನೆ: ಅದು ಸಾಕ್ಷಿಯ ತಪ್ಪಲ್ಲ, ಬದಲಿ ಸಾಕ್ಷಿಯನ್ನು ಇರಿಸಿಕೊಳ್ಳದವರ ತಪ್ಪು. ಒಂದು ನಿಮಿಷದ ಪ್ರಯತ್ನಕ್ಕೇ ನಾನು ನಾಲ್ವರನ್ನು ಕರೆಸಿದ್ದೆ. ನಿಧಾನಗತಿಯ ವಿಡಿಯೊದಲ್ಲಿ ಕಪ್ಪು ಹಗ್ಗವು ನೆಲದ ಬಣ್ಣದೊಂದಿಗೆ ಬೆರೆತು ಎಣಿಕೆ ಸಿಗದಿದ್ದಾಗ, ಹಳದಿ ಹಗ್ಗ ತಂದು, ಹೊಸ ಸಾಕ್ಷಿಗಳನ್ನು ಹುಡುಕಿ ಎಲ್ಲವನ್ನೂ ಮತ್ತೆ ಮಾಡಿದೆ. ಸುಮಾರು ೧೨ ವಾರ ಕಾಯುವ ತಾಳ್ಮೆಯಿಲ್ಲದೆ ಶುಲ್ಕ ಕಟ್ಟಿ ತ್ವರಿತ ಪರಿಶೀಲನೆ ಪಡೆದೆ, ಅದಕ್ಕೆ ವಿಷಾದವಿಲ್ಲ. ಆಶ್ರಿತ ಫರ್ಮನ್ ೧೯೭೯ರಲ್ಲಿ ೨೭,೦೦೦ ಜಂಪಿಂಗ್ ಜ್ಯಾಕ್‌ಗಳಿಂದ (ಕೈಕಾಲು ಅಗಲಿಸಿ ಜಿಗಿಯುವ ವ್ಯಾಯಾಮ) ಆರಂಭಿಸಿ ಆರುನೂರಕ್ಕೂ ಹೆಚ್ಚು ದಾಖಲೆಗಳನ್ನು ಮಾಡಿದವರು. ಒಂದೇ ಪ್ರಯತ್ನಕ್ಕೆ ದೂರುತ್ತ ಕುಳಿತವರು ಅವರನ್ನು ನೆನೆಯಬೇಕು.

ಡಾಮಿನೊ ಜೋಡಿಸುವವನು: ಎಷ್ಟೇ ಮುನ್ನೆಚ್ಚರಿಕೆ ವಹಿಸಿದರೂ ಕೈಮೀರುವುದುಂಟು. ೨೦೦೫ರಲ್ಲಿ ನೆದರ್ಲೆಂಡ್ಸ್‌ನ ಲೇವಾರ್ಡನ್‌ನಲ್ಲಿ ಸಾಲಾಗಿ ನಿಲ್ಲಿಸಿದ ನಲವತ್ತು ಲಕ್ಷಕ್ಕೂ ಹೆಚ್ಚು ಡಾಮಿನೊ ಬಿಲ್ಲೆಗಳನ್ನು ಒಂದರಿಂದೊಂದು ಬೀಳಿಸುವ ದಾಖಲೆಗೆ ಸಿದ್ಧತೆ ನಡೆದಿದ್ದಾಗ, ಒಳನುಗ್ಗಿದ ಒಂದು ಗುಬ್ಬಚ್ಚಿ ೨೩,೦೦೦ದಷ್ಟನ್ನು ಉರುಳಿಸಿತು. ನಡುನಡುವೆ ಬಿಟ್ಟಿದ್ದ ಅಂತರಗಳೇ ಉಳಿದವನ್ನು ಕಾಪಾಡಿದವು. ನಾವು ಆರು ಜನ ಸಮಯ ಉಳಿಸಲೆಂದು ಆ ಅಂತರಗಳನ್ನೇ ಬಿಟ್ಟಿರಲಿಲ್ಲ. ಒಂಬತ್ತನೆಯ ದಿನ ನಾನು ಬಾಗಿದಾಗ ಅಂಗಿಯ ಜೇಬಿನಿಂದ ಅಳತೆಪಟ್ಟಿ ಜಾರಿತು. ಮಳೆ ಸುರಿದಂಥ ಸದ್ದು ಸಭಾಂಗಣದ ಆ ತುದಿಯವರೆಗೆ ಸಾಗಿ ನಿಂತಿತು. ತಂಡದ ಇಬ್ಬರು ಇಂದಿಗೂ ನನ್ನೊಡನೆ ಮಾತನಾಡುವುದಿಲ್ಲ.

ಡ್ರಮ್ಸ್ ವಾದಕ: ಹಗ್ಗ ಜಿಗಿತದವರಿಗೆ: ಒಬ್ಬ ಸಾಕ್ಷಿಯ ಪಾಳಿ ೪ ಗಂಟೆಗೆ ಮುಗಿಯುತ್ತದೆ. ಎರಡು ಹಗಲು, ಎರಡು ರಾತ್ರಿಗೆ ಬಂಧುಗಳಲ್ಲದ ಎಷ್ಟು ಜನರನ್ನು ಹೊಂದಿಸಬೇಕಾಗುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ, ಆಮೇಲೆ ಉಪದೇಶಿಸಿ. ಹಣ ಕಟ್ಟಿ ಪಡೆದ ಪ್ರಮಾಣಪತ್ರದ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಹಗ್ಗ ಜಿಗಿತದವಳು: ಹೇಳಿಯೇಬಿಟ್ಟಿದ್ದೀರಿ. ಶುಲ್ಕ ಕಟ್ಟಿದರೆ ಕಾಯುವ ಅವಧಿ ಕಡಿಮೆಯಾಗುತ್ತದೆಯೇ ಹೊರತು ನಿಯಮದಲ್ಲಿ ಕೂದಲೆಳೆಯಷ್ಟೂ ಸಡಿಲಿಕೆ ಸಿಗುವುದಿಲ್ಲ. ಎಡ ಪಾದದ ಮೂಳೆಯಲ್ಲಿ ಬಿರುಕು ಬಿಟ್ಟು ಎಂಟು ವಾರ ಮಲಗಿದ್ದವಳಿಗೆ ಈ ಮಾತು ಆಡಬಾರದಿತ್ತು.

ಓದುಗ: ಗಂಟಲಿನ ಬಗ್ಗೆ ಯಾರಾದರೂ ತಿಳಿಸುವಿರಾ? ವಿಶ್ರಾಂತಿಯನ್ನೇ ಬಳಸದೆ ಎಚ್ಚರವಿರುವುದು ಲೇಸೇ?

ಡಾಮಿನೊ ಜೋಡಿಸುವವನು: ಖಂಡಿತ ಬೇಡ. ನಿದ್ರೆಗೆಡುವ ದಾಖಲೆಯನ್ನು ಅಪಾಯದ ಕಾರಣಕ್ಕೆ ಗಿನ್ನೆಸ್ ಸಂಸ್ಥೆಯೇ ಪರಿಗಣಿಸುವುದನ್ನು ಬಿಟ್ಟಿದೆ. ನಾವು ಕೊನೆಯ ಮೂರು ರಾತ್ರಿ ಸರಿಯಾಗಿ ಮಲಗಿದ್ದರೆ ನನ್ನ ಜೇಬಿನಲ್ಲಿ ಏನಿದೆಯೆಂಬ ಅರಿವಾದರೂ ನನಗಿರುತ್ತಿತ್ತು.

ಡ್ರಮ್ಸ್ ವಾದಕ: ಪಾದದ ವಿಷಯ ನನಗೆ ತಿಳಿದಿರಲಿಲ್ಲ, ಕ್ಷಮಿಸಿ. ಆದರೂ ಪಾಳಿಯ ಲೆಕ್ಕದಲ್ಲಿ ನಾನು ಹೇಳಿದ್ದೇ ಸರಿ. ಹೋದ ವಾರ ಎರಡನೆಯ ಪ್ರಯತ್ನಕ್ಕೆ ಅರ್ಜಿ ಹಾಕಿದ್ದೇನೆ. ಶುಲ್ಕ ಕಟ್ಟಿಲ್ಲ, ಕಾಯುತ್ತೇನೆ.