ಬೋಟಿಗೆ ಎಂಜಿನ್ ‘ಏರಿಸುವುದೋ’, ‘ಕೂಡಿಸುವುದೋ’?

ಬಾಗಲಕೋಟೆಯ ಗೆಳೆಯರೊಬ್ಬರ ಹತ್ತಿರ 15 ಅಡಿ ಉದ್ದದ ಫೈಬರ್ ಬೋಟು ಇದೆ. ಓಟಕ್ಕೆಂದೇ ಮಾಡಿದ್ದು, ಮೀನು ಹಿಡಿಯುವುದಕ್ಕಲ್ಲ. ಅದರ ಹಿಂದೆ ತೂಗುಬಿಟ್ಟ 40 ಎಚ್‌ಪಿ ಎಂಜಿನ್ನಿಗೆ ವಯಸ್ಸಾಗಿದೆ. ಅದನ್ನು ಇಳಿಸಿ 90 ಎಚ್‌ಪಿಯದು ಹಾಕಬೇಕು ಅನ್ನುವುದು ಅವರ ಆಸೆ. ಕೆಲಸ ಮಾಡುವ ಹುಡುಗರು ಓದಿಕೊಳ್ಳಲಿ ಅಂತ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡಲು ಕೇಳಿದ್ದಾರೆ. ಬರೆಯಲು ಕೂತರೆ ತಲೆಬರಹಕ್ಕೇ ತಡೆ. ಇಂಗ್ಲಿಷಿನವರು ಈ ಕೆಲಸಕ್ಕೆ ‘ರಿಪವರ್’ ಅನ್ನುತ್ತಾರೆ. ನಾವು ಏನನ್ನಬೇಕು?

‘ಪುನಶ್ಶಕ್ತೀಕರಣ’ ಅಂತ ಒಬ್ಬರು ಸೂಚಿಸಿದರು. ಟಾನಿಕ್ ಬಾಟಲಿಯ ಮೇಲೆ ಬರೆಯುವ ಮಾತಿನಂತಿದೆ, ನನಗೆ ಬೇಡ. ಅದೂ ಅಲ್ಲದೆ ಅರ್ಥವೂ ತಪ್ಪುತ್ತದೆ. ರಿಪವರ್ ಅಂದರೆ ಶಕ್ತಿ ಹೆಚ್ಚಿಸುವುದೇ ಆಗಬೇಕಿಲ್ಲ. 40 ಎಚ್‌ಪಿ ತೆಗೆದು ಹೊಸ 40 ಎಚ್‌ಪಿ ಹಾಕಿದರೂ ಅದು ರಿಪವರ್. ಇದ್ದ ಎಂಜಿನ್ನನ್ನೇ ಬಿಚ್ಚಿ ಬೋರ್ ಮಾಡಿಸಿದರೆ ಮಾತ್ರ ಅಲ್ಲ.

ಹುಡುಗರ ಬಾಯಲ್ಲಿ ಇರುವುದು ‘ಎಂಜಿನ್ ಏರಿಸೋದು’. ಕೇಳಲು ಚೆನ್ನಾಗಿದೆ. ಹೊಲದ ಮೋಟರು 5 ಎಚ್‌ಪಿಯಿಂದ 7.5ಕ್ಕೆ ಹೋದಾಗಲೂ ‘ಏರಿಸಿದೆವು’ ಎಂದೇ ಹೇಳುತ್ತಾರೆ. ಆದರೆ ಬೋಟಿನಲ್ಲಿ ಈ ಮಾತಿಗೆ ಬೇರೆ ಕೆಲಸ ಇದೆ. ಹೊರಗೆ ತೂಗುವ ಎಂಜಿನ್ನನ್ನು ನೀರಿನಿಂದ ಮೇಲಕ್ಕೆ ಎತ್ತಿ ಓರೆ ಮಾಡಲು ಬರುತ್ತದೆ. ಆಲಮಟ್ಟಿ ಹಿನ್ನೀರು ಮಳೆಗಾಲದಲ್ಲಿ 519.60 ಮೀಟರಿಗೆ ತುಂಬಿ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದಲ್ವಾ? ಆಗ ತೆಳುನೀರಿನಲ್ಲಿ ಕಲ್ಲು, ಹಳೇ ಗೋಡೆ, ಗಿಡದ ಬೊಡ್ಡೆ, ಎಂಜಿನ್ನಿನ ತುದಿಯಲ್ಲಿ ನೀರೊಳಗೆ ತಿರುಗುವ ಫ್ಯಾನಿಗೆ ತಗಲುತ್ತವೆ. ದಡ ಹತ್ತಿರ ಬಂದಾಗ ಹಿಂದೆ ಕೂತವನಿಗೆ ಕೂಗಿ ಹೇಳುವ ಮಾತು ‘ಎಂಜಿನ್ ಏರ್ಸೋ!’. ಒಂದೇ ಕೈಪಿಡಿಯಲ್ಲಿ ಒಂದೇ ಮಾತು ಎರಡು ಕೆಲಸಕ್ಕೆ ಬಂದರೆ ಯಾರದಾದರೂ ಫ್ಯಾನು ಮುರಿಯುವುದು ಖಂಡಿತ.

ನನಗೆ ಹಿಡಿಸಿದ್ದು ‘ಕೂಡಿಸು’. ನಮ್ಮ ಕಡೆ ಗಣಪತಿಯನ್ನೂ ಕೂಡಿಸುತ್ತೇವೆ, ಬೋರಿಗೆ ಮೋಟರನ್ನೂ ಕೂಡಿಸುತ್ತೇವೆ. ಸುಮ್ನೆ ತಂದು ಸಿಕ್ಕಿಸುವುದಲ್ಲ. ಜಾಗ ನೋಡಿ, ಅಳತೆ ನೋಡಿ, ಅಲುಗದಂತೆ ನಿಲ್ಲಿಸುವುದು. ಈ ಕೆಲಸದ ಮುಕ್ಕಾಲು ಪಾಲು ಅದೇ. ದೊಡ್ಡ ಎಂಜಿನ್ ಕೊಳ್ಳಲು ದುಡ್ಡು ಸಾಕು, ಅದು ಕೂಡಬೇಕಾದ ಹಲಗೆ ಅದನ್ನು ತಾಳುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ.

ಆ ಹಲಗೆಯೇ ನನ್ನ ಎರಡನೇ ತೊಡಕು. ಬೋಟಿನ ಹಿಂಭಾಗದಲ್ಲಿ ಅಡ್ಡಲಾಗಿ ನಿಂತ ಗೋಡೆಗೆ ಇಂಗ್ಲಿಷಿನಲ್ಲಿ ‘ಟ್ರಾನ್ಸಮ್’ ಎಂದು ಹೆಸರು. ನಾನು ‘ಹಿಂಬಲಗೆ’ ಎಂದು ಬರೆದುಕೊಂಡಿದ್ದೇನೆ. ಹಳೇ ಫೈಬರ್ ಬೋಟುಗಳಲ್ಲಿ ಇದರ ಹೊಟ್ಟೆಯೊಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದು ಒಳಗಿನ ಕಟ್ಟಿಗೆ ಲಡ್ಡಾಗುತ್ತದೆ, ಹೊರಗೆ ಬಣ್ಣ ಮಾತ್ರ ಹೊಳೆಯುತ್ತಲೇ ಇರುತ್ತದೆ. ಗೆಳೆಯರು ಸ್ಕ್ರೂಡ್ರೈವರಿನ ಹಿಡಿಯಿಂದ ಹಲಗೆಯನ್ನು ಮೂಲೆಯಿಂದ ಮೂಲೆಗೆ ತಟ್ಟುತ್ತಾ ಹೋದರು. ಮೇಲೆಲ್ಲ ‘ಟಣ್ ಟಣ್’. ಕೆಳಗಿನ ಬಲಗಡೆ ಬೋಲ್ಟಿನ ಹತ್ತಿರ ಬಂದಾಗ ‘ಡಬ್’ ಅಂದಿತು. ಅಂಗೈ ಅಗಲದ ಜಾಗ, ಅಷ್ಟೇ. ಬೋಲ್ಟು ಸಡಿಲಿಸಿದಾಗ ಕಂದು ನೀರು ಒಸರಿತು. ‘ಲಡ್ಡಾಗು’ ಅನ್ನುವ ಮಾತನ್ನು ಕೈಪಿಡಿಯಲ್ಲಿ ಹಾಗೇ ಬಿಡುತ್ತೇನೆ. ‘ಶಿಥಿಲಗೊಳ್ಳು’ ಅಂದರೆ ಹಳೇ ದೇವಸ್ಥಾನ ನೆನಪಾಗುತ್ತದೆ.

ಎಷ್ಟು ಎಚ್‌ಪಿ ತಾಳುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲಿ ಕೋಸ್ಟ್ ಗಾರ್ಡ್ ಲೆಕ್ಕ ಇದೆ. 20 ಅಡಿಗಿಂತ ಚಿಕ್ಕ ಔಟ್‌ಬೋರ್ಡ್, ಅಂದರೆ ಎಂಜಿನ್ ಹೊರಗೆ ತೂಗುವ, ಬೋಟುಗಳಿಗೆ ಅನ್ವಯಿಸುವಂಥದ್ದು. ಬೋಟಿನ ಉದ್ದವನ್ನೂ ಹಿಂಬಲಗೆಯ ಅಗಲವನ್ನೂ ಅಡಿಯಲ್ಲಿ ಗುಣಿಸಬೇಕು. 15 ಅಡಿ ಉದ್ದ, 6 ಅಡಿ ಅಗಲ ಅಂದರೆ 90. ಸ್ಟಿಯರಿಂಗ್ ಚಕ್ರ ಇದ್ದು, ಹಿಂಬಲಗೆ 20 ಇಂಚಾದರೂ ಎತ್ತರ ಇದ್ದರೆ, ಆ ಗುಣಲಬ್ಧದ ಎರಡರಷ್ಟರಲ್ಲಿ 90 ಕಳೆಯಬೇಕು. ಅಂದರೆ 90 ಎಚ್‌ಪಿ. ಇವೆರಡರಲ್ಲಿ ಒಂದಿಲ್ಲದಿದ್ದರೂ ಲೆಕ್ಕ ಬದಲಾಗುತ್ತದೆ. ಗುಣಲಬ್ಧವನ್ನು 0.8ರಿಂದ ಗುಣಿಸಿ 25 ಕಳೆದರೆ 47, ಮೇಲಕ್ಕೆ ಹೊಂದಿಸಿದರೆ 50. ತಳ ಚಪ್ಪಟೆಯಾದ ಬೋಟಾದರೆ ಇನ್ನೂ ಕಡಿಮೆ. ಒಂದೇ ಅಳತೆಯ ಬೋಟು, ಒಂದು ಲೆಕ್ಕಕ್ಕೆ 90, ಇನ್ನೊಂದಕ್ಕೆ 50! ಈ ಅಂಕಿಯನ್ನು ಅಲ್ಲಿ ಬೋಟಿನ ಮೇಲೆ ಪಟ್ಟಿ ಹೊಡೆದು ಹಾಕುತ್ತಾರೆ. ಆ ಪಟ್ಟಿಗೆ ‘ತಾಳಿಕೆ ಪಟ್ಟಿ’ ಎನ್ನಬಹುದೇ? ‘ಸಾಮರ್ಥ್ಯ ಫಲಕ’ ಸರಿಯೇ ಇದೆ, ಆದರೆ ಸಾಮರ್ಥ್ಯ ಅಂದಕೂಡಲೇ ಓದುವವನು ಎಂಜಿನ್ನಿನದು ಅಂದುಕೊಳ್ಳುತ್ತಾನೆ. ಇದು ಹಲಗೆಯದು.

‘ಅಶ್ವಶಕ್ತಿ’ಯನ್ನು ಪಠ್ಯಪುಸ್ತಕಕ್ಕೆ ಬಿಟ್ಟಿದ್ದೇನೆ. ‘ಪಿಚ್’ ಕೂಡ ಹಾಗೇ ಇರಲಿ. ಫ್ಯಾನು ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಅಳತೆ ಅದು, ಬೆಳಗಾವಿಯ ಉದ್ಯಮಬಾಗಿನ ಲೇತ್ ಕೆಲಸದವರಿಗೆ ಸ್ಕ್ರೂ ಕೊರೆಯುವಾಗ ಅಭ್ಯಾಸವಾದ ಮಾತು. ಎಂಜಿನ್ನಿನ ‘ಶಾಫ್ಟ್’ ಉದ್ದಕ್ಕೆ ಮಾತ್ರ ‘ಕಾಲು’ ಅನ್ನುತ್ತೇನೆ. 15 ಇಂಚಿನದು ಗಿಡ್ಡ ಕಾಲು, 20 ಇಂಚಿನದು ಉದ್ದ ಕಾಲು. ಹಿಂಬಲಗೆಯ ಎತ್ತರಕ್ಕೆ ಕಾಲು ಹೊಂದದಿದ್ದರೆ ಫ್ಯಾನು ಗಾಳಿ ನುಂಗುತ್ತದೆ, ಇಲ್ಲವೇ ನೀರಲ್ಲಿ ಜಾಸ್ತಿ ಮುಳುಗಿ ಎಳೆಯುತ್ತದೆ.

ವೇಗ ಹೆಚ್ಚಿದಾಗ ಬೋಟು ಮಾಡುವ ಎರಡು ಆಟಗಳಿಗೆ ಹೆಸರು ಬೇಕಾಗಿದೆ. ಒಂದು, ಮೂತಿ ಮೇಲೆ ಕೆಳಗೆ ಬಡಿಯುವುದು. ಇದಕ್ಕೆ ‘ಕುಪ್ಪಳಿಸು’ ಸಾಕು. ಇನ್ನೊಂದು ಜಾಸ್ತಿ ಅಪಾಯದ್ದು. ಎಡ ಅಂಚು, ಬಲ ಅಂಚು ಅಂತ ಒಂದರ ಮೇಲಿಂದ ಒಂದಕ್ಕೆ ವಾಲುತ್ತಾ ಓಡುವುದು. ಇದಕ್ಕೆ ‘ತೊನೆ’ ಅಂತ ಬರೆದಿದ್ದೇನೆ. ತೆನೆ ತೊನೆಯುವುದು ಕೇಳಿದ್ದೇವೆ, ಬೋಟು ತೊನೆದರೆ ಯಾರಾದರೂ ಹೆದರುತ್ತಾರೆಯೇ? ಹೆದರಬೇಕು ಅನ್ನುವುದೇ ನನ್ನ ಉದ್ದೇಶ. ಅನುಮಾನವಿದೆ.

ಇಷ್ಟೆಲ್ಲ ಮಾಡಿ ಸಿಗುವ ವೇಗ ಎಷ್ಟು ಅಂತ ಹುಡುಗರು ಕೇಳಿದರು. ನೀರಿನ ಮೇಲೆ ಎದ್ದು ಓಡುವ ಬೋಟಿನಲ್ಲಿ ವೇಗ ಎಚ್‌ಪಿಯ ವರ್ಗಮೂಲದಂತೆ ಏರುತ್ತದೆ. 40ರಿಂದ 90 ಅಂದರೆ ಎರಡೂಕಾಲು ಪಟ್ಟು, ವೇಗ ಮಾತ್ರ ಒಂದೂವರೆ ಪಟ್ಟು. ಅದೂ ಹೊಸ ಎಂಜಿನ್ನಿನ ತೂಕ ಹಳೆಯದರಷ್ಟೇ ಇದ್ದರೆ. ಇರುವುದಿಲ್ಲ.

ಈಗ ಕೇಳಬೇಕಾದದ್ದು ಎರಡು. ಮೈಸೂರು, ಮಂಡ್ಯ ಕಡೆಯವರಿಗೆ ‘ಕೂಡಿಸು’ ಅಂದರೆ ಲೆಕ್ಕದ ಕೂಡಿಸುವಿಕೆ. ‘ದೊಡ್ಡ ಎಂಜಿನ್ ಕೂಡಿಸುವುದು’ ಅಂತ ತಲೆಬರಹ ಕೊಟ್ಟರೆ, ಹಳೆಯದರ ಪಕ್ಕದಲ್ಲಿ ಇನ್ನೊಂದು ಸೇರಿಸುವುದು ಅಂತ ಓದುತ್ತಾರೆಯೇ? ಎರಡೆರಡು ಎಂಜಿನ್ ಇರುವ ಬೋಟುಗಳೂ ಇವೆ, ಹಾಗಾಗಿ ಕೇಳುತ್ತಿದ್ದೇನೆ. ‘ಬದಲಿ ಎಂಜಿನ್ ಕೂಡಿಸುವುದು’ ಅಂದರೆ ಗೊಂದಲ ಹೋಗಬಹುದು. ಇನ್ನು ಮಲ್ಪೆ, ಕಾರವಾರದವರು ಹಿಂಬಲಗೆಗೆ ಏನನ್ನುತ್ತಾರೆ? ದಿನಾ ಕೈಯಲ್ಲಿ ಮುಟ್ಟುವವರ ಹೆಸರು ಸಿಕ್ಕರೆ ನನ್ನದನ್ನು ಹೊಡೆದುಹಾಕುತ್ತೇನೆ. ಹಲಗೆಯ ಕೆಲಸ ಮುಗಿಯುವವರೆಗೂ ಕೈಪಿಡಿಗೆ ಅವಸರವಿಲ್ಲ.